ತಂಬಿಗೆಯ ನೀರು ಕುಡಿದವರು

ನನ್ನ ಮಾವ ತೀರಿಕೊಂಡ ಮೇಲಿನ ಮೂರನೆಯ ಮೆಣಸಿನಕಾಯಿ ಸುಗ್ಗಿಯಲ್ಲಿ, ಅವರಿಗೆಂದು ಪಡಸಾಲೆಯಲ್ಲಿ ಇಡುತ್ತಿದ್ದ ತಂಬಿಗೆಯ ನೀರು ರಾತ್ರಿ ಖಾಲಿಯಾಗತೊಡಗಿತು.

ಇದನ್ನು ಹೇಳಬೇಕಾದರೆ ನಮ್ಮ ಮನೆಯ ರೀತಿ ಮೊದಲು ಹೇಳಬೇಕು. ನನ್ನ ತವರು ರಾಣೆಬೆನ್ನೂರು. ಮದುವೆಯಾಗಿ ಬ್ಯಾಡಗಿಗೆ ಬಂದ ಹೊಸತರಲ್ಲಿ ನಾನು ಮಾಡಿದ್ದು ಒಂದೇ ಕೆಲಸ, ಸೀನುವುದು. ಗಂಡನ ಮನೆಯವರದು ಮೆಣಸಿನಕಾಯಿ ವ್ಯಾಪಾರ. ಜನವರಿಯಿಂದ ಏಪ್ರಿಲ್‌ವರೆಗೆ ಮುಂದಿನ ಕೋಣೆಯಲ್ಲಿ ಚೀಲಗಳು ಮಾಳಿಗೆ ಮುಟ್ಟುತ್ತವೆ. ಆ ಘಾಟು ಹಾಸಿಗೆಯಲ್ಲಿ, ಹಾಲಿನಲ್ಲಿ, ದೇವರ ಕೋಣೆಯ ಊದುಬತ್ತಿಯ ಹೊಗೆಯಲ್ಲಿ ಸೇರಿಕೊಳ್ಳುತ್ತದೆ. ಸೊಸೆಯ ಸೀನು ಕೇಳಿ ಕೇಳಿ ಸಾಕಾಗಿ ಮಾವ ಒಂದು ದಿನ, "ಇನ್ನೊಂದ ಸುಗ್ಗಿ ಕಳೀಲಿ ತಗೋ, ಆಮ್ಯಾಲ ಮೆಣಸಿನಕಾಯಿನ ನಿನ್ನ ಕಂಡ ಸೀನತಾವ" ಎಂದರು. ನನ್ನ ಬಾಯಿ ಎಂಥದೆಂದು ಅವರಿಗೆ ಆಗಲೇ ಗೊತ್ತಾಗಿತ್ತು.

ಇಂಥ ಮನೆಗಳಲ್ಲಿ ಎಲ್ಲ ಬೇನೆಗೂ ಒಂದೇ ಹೆಸರು: ಉಷ್ಣ. ಕಣ್ಣು ಉರಿದರೆ ಉಷ್ಣ, ಅಂಗಾಲು ಉರಿದರೆ ಉಷ್ಣ, ರಾತ್ರಿ ಗಂಟಲು ಒಣಗಿದರೂ ಬಚ್ಚಲಿಗೆ ಮೇಲಿಂದ ಮೇಲೆ ಎದ್ದರೂ ಉಷ್ಣವೇ. ದಿನವಿಡೀ ಕಾಯಿಯ ರಾಶಿಯಲ್ಲಿ ಓಡಾಡುವವರಿಗೆ ಮೈ ಉರಿಯುವುದು ಸುಳ್ಳಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ನಮ್ಮವರಿಗೆ ಆದದ್ದೆಲ್ಲ ಮೆಣಸಿನಕಾಯಿಯಿಂದ ಆದದ್ದು. ಔಷಧವೂ ಒಂದೇ: ಜೀರಿಗೆ ಕುಟ್ಟಿ ಹಾಕಿ ಕಲ್ಲುಸಕ್ಕರೆ ಕರಗಿಸಿದ ನೀರು. ಸುಗ್ಗಿ ಹತ್ತಿತೆಂದರೆ ನನ್ನ ಅತ್ತೆ ದಿನಾ ಸಂಜೆ ಒಂದು ತಾಮ್ರದ ತಂಬಿಗೆ ತುಂಬ ಈ ನೀರು ಮಾಡಿ, ಬಾಯಿಗೆ ಲೋಟ ಬೋರಲು ಹಾಕಿ, ಪಡಸಾಲೆಯಲ್ಲಿ ಮಾವನ ಮಂಚದ ಪಕ್ಕ ಇಡುತ್ತಿದ್ದರು. ಸಕ್ಕರೆ ಹಾಕುವಾಗ ಅವರ ಕೈ ಬಲು ಧಾರಾಳ. ಅದು ಅವರ ಪ್ರೀತಿಯ ರೀತಿ.

ಮಾವ ಆ ಮಂಚದ ಮೇಲೆಯೇ ಒಂದು ಸುಗ್ಗಿಯ ರಾತ್ರಿ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಅದಕ್ಕೆ ಮೊದಲು ಅವರ ಕಾಲಿನ ಹೆಬ್ಬೆರಳಿಗೆ ಒಂದು ಗಾಯವಾಗಿ, ತಿಂಗಳುಗಟ್ಟಲೆ ಮಾಯದೆ, ಕಪ್ಪಾಗುತ್ತ ಹೋಗಿತ್ತು. ಪಟ್ಟಿ ಕಟ್ಟಿದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಎಂದಾಗ, "ನನ್ನ ರಕ್ತದಾಗ ಏನೈತ್ರಿ, ಬರೇ ಖಾರ" ಎಂದು ಎದ್ದು ಬಂದಿದ್ದರು. ಮನೆಗೆ ಬಂದು ಅದನ್ನು ಹೇಳಿದಾಗ ನಾವೆಲ್ಲ ನಕ್ಕಿದ್ದೆವು.

ಸತ್ತವರ ಜಾಗದಲ್ಲಿ ದೀಪ ಹಚ್ಚಿ ನೀರು ಇಡುವುದು ಎಲ್ಲರ ಮನೆಯಲ್ಲೂ ಇದೆ. ದಿನಕರ್ಮ ಮುಗಿದ ಮೇಲೆ ಬಿಡುತ್ತಾರೆ. ಅತ್ತೆ ದೀಪ ಬಿಟ್ಟರು, ತಂಬಿಗೆ ಬಿಡಲಿಲ್ಲ. ಸುಗ್ಗಿ ಬಂತೆಂದರೆ, "ಈಗ ಅವರಿಗೆ ಭಾಳ ಉಷ್ಣ ಆಗತೈತಿ" ಎಂದು, ಮಾವ ಪೇಟೆಗೆ ಹೋಗಿದ್ದಾರೆ, ಇನ್ನೇನು ಬರುತ್ತಾರೆ ಎಂಬ ಧಾಟಿಯಲ್ಲಿ ಹೇಳಿ ಕಲ್ಲುಸಕ್ಕರೆಯ ಡಬ್ಬಿ ತೆಗೆಯುತ್ತಿದ್ದರು. ಬೆಳಿಗ್ಗೆ ಆ ತುಂಬಿದ ತಂಬಿಗೆಯನ್ನು ಹಿತ್ತಲಿನ ನಿಂಬೆ ಗಿಡದ ಬುಡಕ್ಕೆ ಸುರಿಯುತ್ತಿದ್ದರು. ಎರಡು ಸುಗ್ಗಿ ಹೀಗೇ ಹೋದವು.

ಮೂರನೆಯದರಲ್ಲಿ ಒಂದು ಮುಂಜಾನೆ ಅತ್ತೆ ಅಡುಗೆಮನೆಗೆ ಬಂದು ತಂಬಿಗೆಯನ್ನು ನನ್ನ ಮುಂದೆ ತಲೆಕೆಳಗು ಮಾಡಿ ಹಿಡಿದರು.

"ನೋಡವಾ, ಒಂದ ಹನಿ ಇಲ್ಲ."

"ಬೆಕ್ಕು ಕುಡದಿರಬೇಕ್ರಿ ಅತ್ತಿ" ಎಂದೆ.

"ಬೆಕ್ಕು ನೀರು ಕುಡದು, ಮ್ಯಾಲ ಮತ್ತ ಲೋಟ ಬೋರಲ ಹಾಕಿ ಹೋಗತೈತೇನು?"

ಅವರ ಮುಖ ನೋಡಿದೆ. ಮೂರು ವರ್ಷದಲ್ಲಿ ಆ ಮುಖದ ಮೇಲೆ ಅಂಥ ಕಳೆ ನಾನು ಕಂಡಿರಲಿಲ್ಲ. ನನ್ನ ಗಂಡ ಅಲ್ಲೇ ಬಾಗಿಲ ಬಳಿ ಚಹಾ ಕುಡಿಯುತ್ತ ಕೂತಿದ್ದರು. ಅತ್ತೆ ಅವರ ಕಡೆ ತಿರುಗಿ, "ನಿಮ್ಮಪ್ಪಾರು ಬಂದಿದ್ರೋ" ಎಂದರು. ಅವರು ಬಸಿಯಲ್ಲಿದ್ದ ಚಹಾ ಊದುತ್ತಲೇ ಇದ್ದರು, ತಲೆ ಎತ್ತಲಿಲ್ಲ.

ಮರುದಿನವೂ ತಂಬಿಗೆ ಖಾಲಿ. ಅದರ ಮರುದಿನವೂ.

ನಾನು ದೆವ್ವ ಭೂತ ನಂಬುವವಳಲ್ಲ. ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರ ರವಿಕೆ ಹೊಲಿಯುತ್ತೇನೆ, ಅವರು ಅಳತೆ ಕೊಡುತ್ತ ಹೇಳುವ ಮಾಟ ಮಂತ್ರದ ಕಥೆಗಳಿಗೆಲ್ಲ ನಕ್ಕು ಕಳಿಸುತ್ತೇನೆ. ಆದರೆ ಹಗಲಿನ ಧೈರ್ಯವೇ ಬೇರೆ. ರಾತ್ರಿ ನಿದ್ದೆ ಬಾರದೆ ಮಲಗಿ ಕಿವಿ ಕೊಟ್ಟೆ. ಸುಗ್ಗಿಯಲ್ಲಿ ನನ್ನ ಗಂಡ ಮುಂದಿನ ಕೋಣೆಯಲ್ಲಿ, ಚೀಲಗಳ ಸಂದಿಯಲ್ಲಿ ಹಾಸಿಗೆ ಹಾಸಿಕೊಳ್ಳುತ್ತಾರೆ. ನಸುಕಿನಲ್ಲೇ ಹಮಾಲರು ಬಂದು ಬಾಗಿಲು ಬಡಿಯುತ್ತಾರೆ. ನಾನೂ ಅತ್ತೆಯೂ ನಡುಮನೆಯಲ್ಲಿ. ನಡುವೆ ಪಡಸಾಲೆ, ಮಾವನ ಖಾಲಿ ಮಂಚ. ಹಿಂದೆ ಬಚ್ಚಲು. ಮುಂದಿನಿಂದ ಬಚ್ಚಲಿಗೆ ಹೋಗುವವರು ಆ ಮಂಚ ಸವರಿಕೊಂಡೇ ಹೋಗಬೇಕು.

ಹೆಜ್ಜೆ ಕೇಳಿಸಿತು. ಬಚ್ಚಲಿನ ಬಾಗಿಲು ಕಿರ್ರೆಂದಿತು. ಹೆಜ್ಜೆ ವಾಪಸು ಬಂದು ಮಂಚದ ಬಳಿ ನಿಂತಿತು. ತಾಮ್ರಕ್ಕೆ ಲೋಟ ತಾಗಿದ ಸದ್ದು, ಆಮೇಲೆ ಗಟಗಟ ಕುಡಿಯುವ ಸದ್ದು, ಕೊನೆಗೆ ಉದ್ದನೆಯ ಒಂದು ಉಸಿರು. ಮನೆ ಸ್ತಬ್ಧವಾಯಿತು. ನನಗೆ ಕಣ್ಣು ಹತ್ತುವ ಹೊತ್ತಿಗೆ ಮತ್ತೆ ಅದೇ.

ನನ್ನ ಗಂಡನೇ ಇರಬಹುದಲ್ಲ ಎಂದು ನೀವು ಕೇಳುತ್ತೀರಿ. ನನಗೂ ಮೊದಲು ಹೊಳೆದದ್ದು ಅದೇ. ಆದರೆ ಅವರ ಹೆಜ್ಜೆ ನನಗೆ ಗೊತ್ತು. ಹಿಮ್ಮಡಿ ಕುಟ್ಟಿ ನಡೆಯುವ ಮನುಷ್ಯ, ಅವರು ಪಡಸಾಲೆ ದಾಟಿದರೆ ಅಡುಗೆಮನೆಯ ಬೋಗುಣಿಗಳಿಗೂ ತಿಳಿಯುತ್ತದೆ. ಇದು ಆ ನಡಿಗೆಯಾಗಿರಲಿಲ್ಲ. ಅಂಗಾಲು ಪೂರ್ತಿ ಒಮ್ಮೆಗೇ ಚಪ್ಪಟೆಯಾಗಿ ಬೀಳುತ್ತಿತ್ತು. ನೆಲ ಇದೆಯೋ ಇಲ್ಲವೋ ಎಂದು ತಡವಿ ನೋಡಿ, ಆಮೇಲೆ ಇನ್ನೊಂದು ಬೀಳುತ್ತಿತ್ತು. ಮಾವ ತಮ್ಮ ಕೊನೆಯ ವರ್ಷ ನಡೆಯುತ್ತಿದ್ದದ್ದು ಹಾಗೆ. ಕತ್ತಲಲ್ಲಿ ಪಕ್ಕದ ಹಾಸಿಗೆಯಿಂದ ಅತ್ತೆಯ ದನಿ ಬಂತು: "ಕೇಳಿದೇನು? ಹೆಂಡತ್ಯಾದಾಕಿಗೆ ಗಂಡನ ಹೆಜ್ಜಿ ಗುರ್ತು ಸಿಗೂದಿಲ್ಲೇನವಾ?" ನಾನು ಚಾದರ ತಲೆಯ ಮೇಲೆ ಎಳೆದುಕೊಂಡೆ. ಆ ಸೆಕೆಯಲ್ಲಿ ನನಗೆ ಚಳಿ ಹತ್ತಿತ್ತು.

ಬೆಳಿಗ್ಗೆ ಗಂಡನನ್ನು ಕೇಳಿದೆ, "ರಾತ್ರಿ ಎದ್ದಿದ್ರೇನ್ರಿ?"

"ಒಮ್ಮೆ ಎದ್ದಿದ್ದೆ. ಯಾಕ?"

ಒಮ್ಮೆ ಅಂದರೆ ಉಳಿದ ಸಲ ಯಾರು?

ಆಮೇಲೆ ಇರುವೆ ಬಂದವು. ಬಚ್ಚಲಿನ ಗೋಡೆಯ ಬಿರುಕಿನಿಂದ ಒಂದು ಕರಿಯ ಸಾಲು ಇಳಿದು ಮೋರಿಯ ಬಾಯಿಗೆ ಹೋಗುತ್ತಿತ್ತು. ಸಂಜೆ ಬಚ್ಚಲು ತಿಕ್ಕಿ ತೊಳೆದರೂ ಬೆಳಕು ಹರಿಯುವಷ್ಟರಲ್ಲಿ ಮತ್ತೆ ಸಾಲು. ಅಲ್ಲಿ ಅವಕ್ಕೆ ಸಿಗುವುದಾದರೂ ಏನು? ಅತ್ತೆಗೆ ಇದರಲ್ಲೂ ಸಮಾಧಾನವೇ ಸಿಕ್ಕಿತು. "ಹೋದ ವರ್ಷ ಬಂದಿದ್ವೇನು? ಅದರ ಹಿಂದಿನ ವರ್ಷ? ಅವರು ಇದ್ದಾಗ ಬರತಿದ್ವು" ಎಂದರು. ಖರೆ, ಮಾವನ ಕೊನೆಯ ಸುಗ್ಗಿಯಲ್ಲಿ ಇದೇ ಗೋಡೆಗೆ ನಾನು ಸೀಮೆಎಣ್ಣೆ ಬಳಿದಿದ್ದೆ. ಅದು ನೆನಪಾಗಿ ಕೈಯಲ್ಲಿದ್ದ ಕಸಬರಿಗೆ ಅಲ್ಲೇ ಬಿಟ್ಟು ಬಂದೆ.

ಇನ್ನೂ ಹೆದರಿಕೆ ಹುಟ್ಟಿಸಿದ್ದು ಬೇರೆ. ಒಂದು ಸಂಜೆ ನನ್ನ ಗಂಡ ಬೀದಿ ದೀಪ ನೋಡುತ್ತ, "ಲೈಟಿನ ಸುತ್ತ ಗಾಜಿನ ಬಳಿ ತೊಡಿಸಿದಂಗ ಕಾಣತೈತಿ" ಎಂದರು. ಅತ್ತೆ ತಟ್ಟನೆ, "ನಿಮ್ಮಪ್ಪಾರೂ ಹಿಂಗ ಅಂದಿದ್ರು" ಎಂದರು. ಇನ್ನೊಂದು ದಿನ ಊಟಕ್ಕೆ ಕೂತಾಗ ಗಂಡ, "ಮೊದಲ ಕಾಲು ಉರೀತಿದ್ವು, ಈಗ ಅರಳಿ ಮ್ಯಾಲ ನಡದಂಗ ಆಗತೈತಿ" ಎಂದರು. ಹತ್ತಿಯ ಅರಳೆ ತುಳಿದ ಹಾಗೆ, ನೆಲವೇ ಮೆತ್ತಗೆ. ಅತ್ತೆಯ ಕೈಯಲ್ಲಿದ್ದ ಸೌಟು ನಿಂತಿತು. "ಇದನ್ನೂ ಅವರು ಅಂದಿದ್ರು. ಇದ ಮಾತು, ಅರಳಿ ಅಂತನ" ಎಂದು ಮಗನ ಮುಖವನ್ನು ದಿಟ್ಟಿಸಿದರು. ಆ ನೋಟ ಮಗನನ್ನು ನೋಡುವ ನೋಟವಾಗಿರಲಿಲ್ಲ. ಮಗನ ಒಳಗೆ ಯಾರಿದ್ದಾರೆ ಎಂದು ಹುಡುಕುತ್ತಿದ್ದರು.

ಗಂಡನ ಮೈ ಬೇರೆ ಇಳಿಯುತ್ತಿತ್ತು. ಅಂಗಿಗಳು ಜೋಲಾಡತೊಡಗಿದವು ಎಂದು ನಾನೇ ಹೊಲಿಗೆ ಬಿಚ್ಚಿ ಸಣ್ಣ ಮಾಡಿ ಕೊಟ್ಟಿದ್ದೆ. ಸುಗ್ಗಿಯ ಓಡಾಟ, ಹೊತ್ತಿಗೆ ಊಟವಿಲ್ಲ ಎಂದುಕೊಂಡಿದ್ದೆ. ಎರಡನೆಯ ಸಲವೂ ಬಿಚ್ಚಿ ಹೊಲಿಯಬೇಕಾಯಿತು. ಕನ್ನಡಿಯ ಮುಂದೆ ಆ ಅಂಗಿ ಹಾಕಿಕೊಂಡು ನಿಂತವರ ಕುತ್ತಿಗೆ, ಕೆನ್ನೆಯ ಮೂಳೆ, ಎಲ್ಲ ಮಾವನದೇ. ನನಗೆ ಗಂಡ ಬೇಕು, ಮಾವ ಬೇಡ. ಇದನ್ನು ಯಾರ ಮುಂದೆ ಹೇಳಲಿ? ಅತ್ತೆ ಒಳಗೊಳಗೇ ಹಿಗ್ಗುತ್ತಿದ್ದರು, ನಾನು ಒಳಗೊಳಗೇ ಕುಗ್ಗುತ್ತಿದ್ದೆ.

ಕೊನೆಗೆ ನಾನೇ ಸೋತು, "ಕದರಮಂಡಲಗಿಗೆ ಹೋಗಿ ಬರೋಣ್ರಿ" ಎಂದೆ. ಹನುಮಪ್ಪನ ಮುಂದೆ ಯಾವ ಗಾಳಿಯೂ ನಿಲ್ಲುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ಶನಿವಾರ ಮೂವರೂ ಹೋದೆವು. ಹೊರಡುವುದು ತಡವಾಗಿ ಗುಡಿ ಮುಟ್ಟುವಷ್ಟರಲ್ಲಿ ನಡುಮಧ್ಯಾಹ್ನ. ಅಂಗಳದ ಕಲ್ಲು ಕಾದ ಹಂಚಾಗಿತ್ತು. ಪ್ರದಕ್ಷಿಣೆ ಹಾಕುವವರೆಲ್ಲ ತುದಿಗಾಲಲ್ಲಿ ಕುಣಿಯುತ್ತ, ನೆರಳಿನಿಂದ ನೆರಳಿಗೆ ಹಾರುತ್ತಿದ್ದರು. ನಾನೂ ಹಾರಿದೆ. ನನ್ನ ಗಂಡ ಮಾತ್ರ ಕೈ ಮುಗಿದುಕೊಂಡು, ಬೆಳದಿಂಗಳಲ್ಲಿ ಅಡ್ಡಾಡುವವರ ಹಾಗೆ, ನಿಧಾನಕ್ಕೆ ಆ ಕಲ್ಲಿನ ಮೇಲೆ ನಡೆದರು. ಒಂದು ಸುತ್ತು ಮುಗಿಸಿ ಇನ್ನೊಂದು ಸುತ್ತಿಗೂ ಹೊರಟರು. ಯಾರೋ ಮುದುಕರು ನೋಡಿ, "ಭಕ್ತಿ ಅಂದ್ರ ಇದಪಾ" ಎಂದರು. ಅತ್ತೆ ಕಣ್ಣೊರೆಸಿಕೊಂಡರು. ನನಗೆ ಆ ಉರಿಬಿಸಿಲಲ್ಲಿ ಮೈಯ ಕೂದಲು ನಿಮಿರಿದವು.

"ಕಾಲು ಸುಡವಲ್ವೇನ್ರಿ?" ಎಂದು ಹತ್ತಿರ ಹೋಗಿ ಕೇಳಿದೆ.

"ಕಲ್ಲು ತಣ್ಣಗ ಅದಾವಲ್ಲ" ಎಂದರು.

ಪೂಜಾರಿ ಕೊಟ್ಟ ಅಂಗಾರವನ್ನು ಅವರ ಹಣೆಗೆ ಹಚ್ಚಿದೆ. ಆ ರಾತ್ರಿಯೂ ತಂಬಿಗೆ ಖಾಲಿಯಾಯಿತು.

ಆಮೇಲೆ ಅಮಾವಾಸ್ಯೆ ಬಂತು. ಅತ್ತೆಯ ತಲೆಯಲ್ಲಿ ಒಂದು ವಿಚಾರ ಹೊಕ್ಕಿತ್ತು. ಸತ್ತವರ ಜಾಗದಲ್ಲಿ ಬೂದಿ ಜರಡಿ ಹಿಡಿದು ಹರಡಿ, ಬೆಳಿಗ್ಗೆ ಹೆಜ್ಜೆ ಮೂಡಿದೆಯೇ ಎಂದು ನೋಡುವ ಪದ್ಧತಿ ಹಳಬರದು. ಬಚ್ಚಲಿನ ಒಲೆಯ ಬೂದಿಯನ್ನು ಹಳೆ ಸೀರೆಯ ತುಂಡಿನಲ್ಲಿ ಸೋಸಿ, ಮಗ ಮುಂದಿನ ಕೋಣೆಯಲ್ಲಿ ಮಲಗಿದ ಮೇಲೆ, ಮಂಚದ ಸುತ್ತ ತೆಳ್ಳಗೆ ಹರಡಿದರು. ನಾನು ಬ್ಯಾಟರಿ ಹಿಡಿದು ನಿಂತಿದ್ದೆ. "ಅವಂಗ ಹೇಳಬ್ಯಾಡ, ನಗತಾನ" ಎಂದರು. ಹೇಳುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ.

ಇಬ್ಬರೂ ನಡುಮನೆಯಲ್ಲಿ ಮಲಗಿದೆವು, ಇಬ್ಬರಿಗೂ ನಿದ್ದೆಯಿಲ್ಲ. ಮುಂದಿನ ಕೋಣೆಯ ಕಡೆಯಿಂದ ಚಪ್ಪಟೆ ಹೆಜ್ಜೆ ಶುರುವಾಯಿತು. ಎದ್ದು ನೋಡೇಬಿಡುತ್ತೇನೆ ಎಂದು ನಾನು ಮೊಣಕೈ ಊರಿದೆ. ಅತ್ತೆ ಕತ್ತಲಲ್ಲಿ ನನ್ನ ಮಣಿಕಟ್ಟು ಹಿಡಿದರು. ಆ ವಯಸ್ಸಿನ ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬಂತೋ. "ನೋಡಬಾರದು. ನೋಡಿದ್ರ ಮತ್ತ ಬರೂದಿಲ್ಲ" ಎಂದು ಕಿವಿಯಲ್ಲಿ ಪಿಸುಗುಟ್ಟಿದರು. ನಮ್ಮ ಬಾಗಿಲಿನ ಆಚೆ, ಕೈಯಳತೆಯಲ್ಲಿ, ಯಾರೋ ಗಟಗಟ ಕುಡಿದರು. ಲೋಟ ಬೋರಲು ಹಾಕಿದರು. ಉಸಿರು ಬಿಟ್ಟರು. ನಾನು ಹನುಮಪ್ಪಾ ಹನುಮಪ್ಪಾ ಎಂದು ಹಲ್ಲು ಕಚ್ಚಿ ಮಲಗಿದ್ದೆ.

ಬೆಳಕು ಹರಿಯುವ ಮೊದಲೇ ಅತ್ತೆ ಎಬ್ಬಿಸಿದರು. ಬ್ಯಾಟರಿಯ ಬೆಳಕು ಬಿಟ್ಟೆ. ಬೂದಿಯ ಮೇಲೆ ಹೆಜ್ಜೆ ಮೂಡಿದ್ದವು. ದೊಡ್ಡ ಪಾದ, ಪೂರ್ತಿ ಚಪ್ಪಟೆ, ಬೆರಳು ಅಗಲ. ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡು ನೆಲಕ್ಕೆ ಹಣೆ ಹಚ್ಚಿದರು. ಅವರ ಬೆನ್ನು ಅಲುಗುತ್ತಿತ್ತು, ಅಳುತ್ತಿದ್ದರು. ನಾನು ನೋಡುತ್ತ ನಿಂತೆ. ಬಲಗಾಲಿನ ಪ್ರತಿ ಗುರುತಿನಲ್ಲೂ, ಹೆಬ್ಬೆರಳ ಕೆಳಗೆ, ಒಂದು ಕೆಂಪು ಬೊಟ್ಟು ಇತ್ತು.

"ಕುಂಕುಮ ಐತಿ" ಎಂದರು ಅತ್ತೆ.

ನಾನು ಕೂತು ಬೆರಳಿನಿಂದ ಮುಟ್ಟಿದೆ. ಅಂಟಿಕೊಂಡಿತು. ಮೂಸಿ ನೋಡಿದೆ. ಮೆಣಸಿನಕಾಯಿಯ ಊರಿನಲ್ಲಿ ಕೆಂಪು ಕಂಡರೆ ಯಾರೂ ಬೆಚ್ಚುವುದಿಲ್ಲ, ಆದರೆ ಇದು ಪುಡಿಯಲ್ಲ. ನನ್ನ ಬಾಯಿಂದ ಮಾತು ತಾನಾಗಿಯೇ ಬಂತು.

"ಸತ್ತವರಿಗೆ ರಕ್ತ ಬರೂದಿಲ್ರಿ ಅತ್ತಿ."

ನಾನು ಆ ಕೆಂಪು ಬೊಟ್ಟುಗಳ ಹಿಂದೆ ಹೋದೆ. ಅವು ಪಡಸಾಲೆ ದಾಟಿ, ಹೊಸ್ತಿಲು ದಾಟಿ, ಚೀಲಗಳ ಸಂದಿಗೆ ಹೋದವು. ನನ್ನ ಗಂಡ ಬಾಯಿ ತೆರೆದುಕೊಂಡು ಮಲಗಿದ್ದರು. ಪಾದಗಳು ಹಾಸಿಗೆಯ ಹೊರಗಿದ್ದವು. ಬಲ ಅಂಗಾಲಿಗೆ ಬೆಳಕು ಬಿಟ್ಟೆ. ಹೆಬ್ಬೆರಳ ಕೆಳಗಿನ ಉಬ್ಬಿನಲ್ಲಿ ಏನೋ ಮಿಂಚಿತು. ಚೀಲದ ಬಾಯಿ ಹೊಲಿಯುವ ದಬ್ಬಣದ ತುದಿ. ಹಿಂದಿನ ಸಂಜೆ ಹಮಾಲರು ಚೀಲ ಹೊಲಿಯುವಾಗ ಒಂದು ದಬ್ಬಣ ಮುರಿದು, ತುದಿ ಸಿಗಲಿಲ್ಲ ಎಂದು ಹುಡುಕಿ ಬಿಟ್ಟಿದ್ದರು. ಆ ತುದಿ ಇಲ್ಲಿ, ಬುಡದವರೆಗೆ ಇಳಿದು ಕೂತಿತ್ತು. ಇದನ್ನು ಕಾಲಲ್ಲಿಟ್ಟುಕೊಂಡು ಈ ಮನುಷ್ಯ ರಾತ್ರಿಯಿಡೀ ಮನೆ ತುಂಬ ನಡೆದಾಡಿದ್ದರು. ಮಲಗಿ ಗೊರಕೆ ಹೊಡೆಯುತ್ತಿದ್ದರು.

ಉಗುರಿನಿಂದ ಹಿಡಿದು ಎಳೆದೆ. ಗಟ್ಟಿಯಾಗಿ ಎಳೆಯಬೇಕಾಯಿತು. ಬಂತು, ಜೊತೆಗೆ ರಕ್ತವೂ. ಅವರು ಮಿಸುಕಲಿಲ್ಲ. ನನಗೆ ಅಳು ಬಂತು. ಅಂಗಾಲಿನ ಮೇಲೆ ಪಟಪಟನೆ ಹೊಡೆದೆ, ಸಿಟ್ಟಿನಿಂದಲೇ ಹೊಡೆದೆ. ಗೊರಕೆ ನಿಲ್ಲಲಿಲ್ಲ. ಆ ಕಾಲು ಅವರದಾಗಿರಲಿಲ್ಲ. ಮಾವನ ಹೆಜ್ಜೆ ಕೇಳಿದ ಯಾವ ರಾತ್ರಿಯೂ ನಾನು ಅಷ್ಟು ಹೆದರಿರಲಿಲ್ಲ.

ಭುಜ ಹಿಡಿದು ಅಲುಗಿಸಿದಾಗ ಎದ್ದು ಕೂತರು. ನನ್ನ ಅಂಗೈಯಲ್ಲಿದ್ದ ದಬ್ಬಣದ ತುದಿ ನೋಡಿದರು, ರಕ್ತ ನೋಡಿದರು.

"ಯಾರ ಕಾಲಾಗ ಇತ್ತು ಇದು?" ಎಂದು ಕೇಳಿದರು.

ಆಮೇಲೆ ಎಲ್ಲ ಹೊರಬಂತು. ರಾತ್ರಿ ಲೆಕ್ಕವಿಲ್ಲದಷ್ಟು ಸಲ ಏಳುತ್ತಿದ್ದರಂತೆ. ನಾಲಿಗೆ ಅಂಗಳಿಗೆ ಅಂಟುವಷ್ಟು ನೀರಡಿಕೆ. ತಾವು ಮಲಗುವಾಗ ಇಟ್ಟುಕೊಂಡ ಬಾಟಲಿ ಸಾಲದೆ, ಕತ್ತಲಲ್ಲಿ ಕೈಗೆ ಸಿಕ್ಕ ತಂಬಿಗೆ ಎತ್ತಿದ್ದರಂತೆ. "ಮೊದಲನೇ ದಿನಾನ ಹೇಳಾಂವ ಇದ್ದೆ. ಯವ್ವ ತಂಬಗಿ ಹಿಡಕೊಂಡ ಬಂದ್ಲು, ಆಕಿ ಮುಖ ನೋಡಿದೆ. ಬಾಯಿ ಬರಲಿಲ್ಲ. ಹೆಂಗೂ ಉಷ್ಣ ಆಗೇತಿ, ಕುಡದ್ರ ಒಳ್ಳೇದ ಅಂದಕೊಂಡೆ" ಎಂದರು. ನನ್ನ ಮುಂದೆ ತಲೆ ತಗ್ಗಿಸಿ ಕೂತ ಆ ಮನುಷ್ಯನ ಮೇಲೆ ಸಿಟ್ಟು ಮಾಡಬೇಕೋ, ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ.

ಅಂಗಡಿ ಮುಚ್ಚಿಸಿ ಅವತ್ತೇ ಹಾವೇರಿಗೆ ಕರೆದುಕೊಂಡು ಹೋದೆ. ಡಾಕ್ಟರು ಹೆಣ್ಣುಮಗಳು, ನನ್ನದೇ ವಯಸ್ಸು. ಬೆರಳು ಚುಚ್ಚಿ ಹನಿ ರಕ್ತವನ್ನು ಸಣ್ಣ ಯಂತ್ರಕ್ಕೆ ಹಚ್ಚಿ, ಅಂಕಿ ನೋಡಿ, ಸುಮ್ಮನೆ ಅದನ್ನು ನಮ್ಮ ಕಡೆ ತಿರುಗಿಸಿದರು. ಆಮೇಲೆ ಪ್ರಶ್ನೆ ಕೇಳಿದರು. ರಾತ್ರಿ ಎಷ್ಟು ಸಲ ಏಳತಾರ? ನೀರಡಿಕಿ ಐತೇನು? ಮೈ ಇಳದೈತೇನು? ಕಣ್ಣು ಮಂಜ ಆಗತಾವೇನು? ಬಚ್ಚಲದಾಗ ಇರುವಿ ಮುತ್ತತಾವೇನು? ಅವರು ಕೇಳಿದ್ದಕ್ಕೆಲ್ಲ ನನ್ನಲ್ಲಿ ಉತ್ತರವಿತ್ತು. ಇಡೀ ಸುಗ್ಗಿ ನಾನು ಕಿವಿಗೊಟ್ಟು ಕೇಳಿದ್ದು, ಬೆವೆತು ನೋಡಿದ್ದು ಇದನ್ನೇ. ಸತ್ತವರ ಲೆಕ್ಕಕ್ಕೆ ಹಾಕಿದ್ದೆ, ಅಷ್ಟೇ.

"ಗುಡಿಯಾಗ ಕಾದ ಕಲ್ಲಿನ ಮ್ಯಾಲ ನಡದ್ರು, ಸುಡಲಿಲ್ರಿ ಇವರಿಗೆ" ಎಂದೆ.

ಡಾಕ್ಟರು ಎದ್ದು ಬಂದು ಎಡಗಾಲನ್ನೂ ಎತ್ತಿ ನೋಡಿದರು. ಹಿಮ್ಮಡಿಯ ಹತ್ತಿರ ಬೊಬ್ಬೆ ಎದ್ದು, ಒಡೆದು, ಸುತ್ತ ಚರ್ಮ ಬೆಳ್ಳಗಾಗಿತ್ತು. ಯಾರ ಭಕ್ತಿಯೂ ಅಲ್ಲಿರಲಿಲ್ಲ.

"ಸಕ್ಕರಿ ಭಾಳ ಏರೈತ್ರಿ. ಕಾಲಿನ ನರಕ್ಕ ಸುದ್ದಿ ಮುಟ್ಟವಲ್ದು. ಸುಟ್ಟರೂ ತಿಳಿಯೂದಿಲ್ಲ, ಚುಚ್ಚಿದ್ರೂ ತಿಳಿಯೂದಿಲ್ಲ. ಕತ್ತಲಾಗ ನೆಲಾ ತಡವಿ ತಡವಿ ಹೆಜ್ಜಿ ಇಡಬೇಕಾಗತೈತಿ. ದಬ್ಬಣ ಆಳಕ್ಕ ಹೋಗೇತಿ, ಒಳಗ ಕೀವು ಆದ್ರ ಕಾಲಿಗೆ ಬರತೈತಿ" ಎಂದರು. ಕಾಲಿಗೆ ಬರುತ್ತದೆ ಎಂದರೆ ಏನೆಂದು ನಾನು ಕೇಳಲಿಲ್ಲ. ಮಾವನ ಕಪ್ಪು ಹೆಬ್ಬೆರಳು ಕಣ್ಣ ಮುಂದೆ ಬಂತು. ಅವತ್ತೇ ದಾಖಲು ಮಾಡಿಕೊಂಡರು. ಗಾಯ ಬಿಡಿಸಿ ತೊಳೆದರು, ಇನ್ಸುಲಿನ್ ಕೊಟ್ಟರು. ಕೀವು ಆಯಿತು, ಜ್ವರವೂ ಬಂತು. ಎರಡು ರಾತ್ರಿ ಹೆಬ್ಬೆರಳು ಉಳಿಯುತ್ತದೋ ಇಲ್ಲವೋ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆಸ್ಪತ್ರೆಯ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ ನಾನು, ಅವರು ನೀರು ಕೇಳುವುದು ಕಡಿಮೆಯಾಗುತ್ತ ಹೋದದ್ದನ್ನು ಕೇಳಿಸಿಕೊಂಡೆ. ಕೊನೆಗೆ ಒಂದು ರಾತ್ರಿ ಅವರು ಏಳಲೇ ಇಲ್ಲ. ಆ ಸದ್ದಿಲ್ಲದ ಕತ್ತಲಿಗೂ ಹೆದರಿ, ಎದ್ದು ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ. ಬೆಚ್ಚಗೆ ಉಸಿರಾಡುತ್ತಿದ್ದರು.

ಬೆರಳು ಉಳಿಯಿತು. ಬಿಡುಗಡೆಯ ದಿನ ಡಾಕ್ಟರು ಗುಳಿಗೆ, ಪಥ್ಯ ಎಲ್ಲ ಹೇಳಿ, ಕೊನೆಗೆ, "ದಿನಾ ಸಂಜಿ ಎರಡೂ ಅಂಗಾಲು ಬೆಳಕಿಗೆ ಹಿಡದು ನೋಡ್ರಿ. ಇವರಿಗೆ ಗೊತ್ತಾಗೂದಿಲ್ಲ, ಬ್ಯಾರೇದವರ ನೋಡಬೇಕು" ಎಂದರು.

ಬಸ್ಸಿನಲ್ಲಿ ಬರುವಾಗ ನನ್ನ ಗಂಡ ನನ್ನ ಕೈ ಹಿಡಿದು ಒಂದೇ ಮಾತು ಕೇಳಿಕೊಂಡರು. "ತಂಬಗಿ ನೀರು ನಾನ ಕುಡೀತಿದ್ದೆ ಅಂತ ಯವ್ವಗ ಹೇಳಬ್ಯಾಡ." ನಾನು ಒಪ್ಪಿದೆ. ಅತ್ತೆಗೆ ಫೋನಿನಲ್ಲಿ ಸಕ್ಕರೆ ಕಾಯಿಲೆ ಎಂದಷ್ಟೇ ಹೇಳಿದ್ದೆವು. ಆ ನೀರು ಮಗ ಕುಡಿಯುತ್ತಿದ್ದ ಎಂದು ತಿಳಿದರೆ ಮಾವ ಇನ್ನೊಮ್ಮೆ ಸಾಯುತ್ತಾರೆ. ಅದಕ್ಕಿಂತ ದೊಡ್ಡದು ಅದರ ಹಿಂದೆಯೇ ಇತ್ತು. ಮಗನಿಗೆ ಆದದ್ದು ಇದಾದರೆ ಮಾವನಿಗೆ ಆದದ್ದೇನು? ಅವರು ಇದ್ದಷ್ಟು ದಿನ, ಸುಗ್ಗಿಯ ಪ್ರತಿ ಸಂಜೆ, ತಂಬಿಗೆ ತುಂಬಿಸಿದ್ದು ಯಾರು? ಆ ಪ್ರಶ್ನೆ ಅತ್ತೆಯ ತನಕ ಹೋಗದ ಹಾಗೆ ಅಡ್ಡ ನಿಲ್ಲಬೇಕು ಎಂದುಕೊಂಡೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ನಾವು ಮನೆಗೆ ಬಂದಾಗ ಪಡಸಾಲೆ ತೊಳೆದಿತ್ತು. ಮಗನಿಗೆ ಆರತಿ ಎತ್ತಿ ಒಳಗೆ ಕೂರಿಸಿ, ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. ದನಿ ಮೆತ್ತಗಿತ್ತು.

"ನೀವು ಹೋದ ಮ್ಯಾಲೂ ದಿನಾ ತಂಬಗಿ ಇಟ್ಟೆ. ಮುಟ್ಟಿರಲಿಲ್ಲ ಯಾರೂ. ತುಂಬಿದ್ದು ತುಂಬಿದಂಗ ಇತ್ತು."

ನಾನು ಸೆರಗಿನ ಅಂಚು ತಿರುವುತ್ತ ನಿಂತೆ.

"ಅವನ ಕುಡೀತಿದ್ದ, ಹೌದಲ್ಲವಾ?"

ನಾನು ಹೂಂ ಎಂದೆ.

"ಹಂಗಾದ್ರ ಅವರಿಗೂ ಇದ ಇತ್ತೇನು?"

"ಪರೀಕ್ಷಾ ಮಾಡಿಸಿರಲಿಲ್ಲಲ್ರಿ ಅತ್ತಿ. ಈಗ ಯಾವ ಡಾಕ್ಟರಿಗೂ ಹೇಳಾಕ ಬರೂದಿಲ್ಲ."

"ನಾ ಡಾಕ್ಟರನ್ನ ಕೇಳಾಕತ್ತಿಲ್ಲವಾ. ನಿನ್ನ ಕೇಳಾಕತ್ತೇನಿ."

ಊರಲ್ಲಿ ಯಾರ ಮಾತಿಗೂ ಎದುರು ಮಾತು ಇಟ್ಟುಕೊಂಡವಳು ನಾನು. ಆವತ್ತು ಒಂದು ಸುಳ್ಳು ಸಿಗಲಿಲ್ಲ. "ಇದ್ದಿರಬೇಕ್ರಿ" ಎಂದೆ. ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅತ್ತೆ ಅಳಲಿಲ್ಲ. ಮೊರ ಎಳೆದುಕೊಂಡು ಅಕ್ಕಿ ಆರಿಸಲು ಕೂತರು. ಊಟಕ್ಕೆ ಕರೆದರೂ ಏಳಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ನಾನು ಗಂಡನ ಕಾಲು ನೋಡಲೆಂದು ಮೊಬೈಲಿನ ಬೆಳಕು ಹಚ್ಚಿಕೊಂಡು ಹೋದೆ. ಅತ್ತೆ ನನಗಿಂತ ಮೊದಲೇ ಅಲ್ಲಿ ನೆಲಕ್ಕೆ ಕೂತಿದ್ದರು. "ಬೆಳಕ ಹಿಡಿ" ಎಂದು ನನಗೆ ಹೇಳಿ, ಮಗನ ಪಾದಕ್ಕೆ ಕೈ ಚಾಚಿದರು. ನನ್ನ ಗಂಡ ಬೆಂಕಿ ತಗುಲಿದ ಹಾಗೆ ಕಾಲು ಹಿಂದಕ್ಕೆ ಎಳೆದುಕೊಂಡರು.

"ಯವ್ವಾ, ಬ್ಯಾಡ. ನೀ ನನ್ನ ಕಾಲು ಮುಟ್ಟಬಾರದು. ನನಗ ಪಾಪ ಹತ್ತತೈತಿ."

"ಹತ್ತಿದ್ರ ನನಗ ಹತ್ತಲಿ. ಕೊಡ ಇಲ್ಲೆ."

ಕಾಲನ್ನು ಎಳೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಅಂಗಾಲನ್ನು ಬೆಳಕಿಗೆ ತಿರುಗಿಸಿ, ಒಂದೊಂದೇ ಬೆರಳಿನ ಸಂದಿ ಬಿಡಿಸಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡತೊಡಗಿದರು. ನೋಡುತ್ತ, ನಮ್ಮಿಬ್ಬರಲ್ಲಿ ಯಾರಿಗೂ ಅಲ್ಲದ ದನಿಯಲ್ಲಿ ಹೇಳಿದರು:

"ಮದುವಿ ಆದಾಗಿಂದ ದಿನಾ ಮುಂಜಾನೆ ಅವರ ಕಾಲಿಗೆ ಹಣಿ ಹಚ್ಚೇನಿ. ಒಂದ ದಿನಾನೂ ತಿರುವಿ ಅಂಗಾಲು ನೋಡಲಿಲ್ಲ."